ಕೊಸರು ಹಾಕಿದವರು, ಸೂಟು ಮುರಿದವರು

(ಒಂದು ಭಾನುವಾರ ಸಂಜೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ಬರೆದಿದ್ದೇನೆ. ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡು ಸಣ್ಣ ಪದಗಳ ಬಗ್ಗೆ ಮಾತಾಡುತ್ತೇನೆ. ಒಂದು ಕೊಸರು. ಇನ್ನೊಂದು ಸೂಟು. ಕೊಸರು ಅಂದರೆ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು, ತೂಗಿದ ಮೇಲೆ ಹಾಕುವ ಹೆಚ್ಚಿನ ಹಿಡಿ. ಸೂಟು ಅಂದರೆ ಪೇಟೆಯವರು ಹಾಕಿಕೊಳ್ಳುವ ಕೋಟು ಅಂದುಕೊಂಡಾರು, ಆದರೆ ಎಪಿಎಂಸಿಗೆ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆಗೆ, ಚೀಲ ಹಾಕಿದ ಯಾವ ರೈತನಿಗೂ ಅದನ್ನು ವಿವರಿಸಿ ಹೇಳಬೇಕಾಗಿಲ್ಲ: ಕಾಳಿನ ತೂಕದಲ್ಲಿ ಇಷ್ಟು ಅಂತ ಮುರಿದುಕೊಂಡು, ಉಳಿದದ್ದಕ್ಕೆ ಮಾತ್ರ ದುಡ್ಡು ಕೊಡುವುದು.

ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ಅಪ್ಪನ ಜೊತೆ ಗೋವಿನಜೋಳ ಮಾರುವುದಕ್ಕೆ ಹೋಗಿದ್ದೆ. ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಚೀಲದ ಮೇಲೆ ಕೂತು ಹೋದದ್ದು, ದಾರಿಯುದ್ದಕ್ಕೂ ಚಳಿ, ಅಪ್ಪ ತನ್ನ ಕಂಬಳಿಯನ್ನು ನನಗೇ ಹೊದಿಸಿದ್ದು, ಎಲ್ಲ ನೆನಪಿದೆ. ತೂಕ ಮುಗಿಯಿತು. ದಲಾಲರು ಲೆಕ್ಕ ಹಾಕುತ್ತಿದ್ದರು. ಅಪ್ಪ ಕೇಳಿದ, "ಸಾವ್ಕಾರ್ರ, ಕಾಟಾದಾಗ ಬಂದದ್ದು ಒಂದು, ಪಟ್ಟ್ಯಾಗ ಬರದದ್ದು ಒಂದು ಐತಲ್ರಿ?" ಅವರು ತಲೆ ಎತ್ತದೆ ಹೇಳಿದರು, "ಕ್ವಿಂಟಲ್‌ಗೆ ಎರಡು ಕೆಜಿ ಸೂಟು ಹೋಗ್ತದಪ್ಪ. ರೂಢಿ ಐತಿ. ನಿನಗೊಬ್ಬನಿಗೇ ಏನಲ್ಲ."

ಅಪ್ಪ ಮತ್ತೆ ಮಾತಾಡಲಿಲ್ಲ. ನಮ್ಮದು ನಲವತ್ತು ಕ್ವಿಂಟಲ್. ಎರಡು ಕೆಜಿಯ ಲೆಕ್ಕದಲ್ಲಿ 80 ಕೆಜಿ ಆಯಿತು. ಒಂದು ಚೀಲಕ್ಕಿಂತ ಜಾಸ್ತಿ. ನಾನು ಕೂತು ಬಂದ ಚೀಲ ಅದೇ ಇರಬೇಕು ಅಂತ ನನಗೆ ಆಗ ಅನ್ನಿಸಿತ್ತು.

ಅದೇ ದಿನ ವಾಪಸ್ ಬರುವಾಗ ಸಂತೆಯಲ್ಲಿ ಅಪ್ಪ ಮೆಣಸಿನಕಾಯಿ ಕೊಂಡ. ಮಾರುವ ಅಜ್ಜಿ ತಕ್ಕಡಿ ಎತ್ತಿ ತೂಗಿ, ಅಪ್ಪನ ಟವೆಲಿಗೆ ಸುರಿದು, ಆಮೇಲೆ ಇನ್ನೊಂದು ಹಿಡಿ ಹಾಕಿದಳು. ನನ್ನ ಕಡೆ ನೋಡಿ ಒಂದು ಸೌತೆಕಾಯಿಯನ್ನೂ ಕೊಟ್ಟಳು. "ಕೊಸರು, ತಗೊ ತಮ್ಮಾ" ಅಂದಳು.

ಬೆಳಿಗ್ಗೆ ತಕ್ಕಡಿಯಿಂದ ಒಂದಿಷ್ಟು ಹೋಯಿತು. ಸಂಜೆ ಒಂದಿಷ್ಟು ಬಂತು. ಎರಡೂ ತೂಕಕ್ಕೆ ಮೀರಿದ ವ್ಯವಹಾರ. ಒಂದನ್ನು ನಮ್ಮನ್ನು ಕೇಳಿ ತಗೊಳ್ಳಲಿಲ್ಲ, ಇನ್ನೊಂದನ್ನು ನಾವು ಬೇಡಿರಲಿಲ್ಲ. ಈ ಎರಡು ಪದ ಅವತ್ತಿನಿಂದ ನನ್ನ ತಲೆಯಲ್ಲಿ ಜೋಡಿಯಾಗಿಯೇ ಉಳಿದಿವೆ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇಷ್ಟು: ಕೊಸರನ್ನು ನಮ್ಮ ಮಾತು, ಕಥೆ, ಬರಹ ಎಲ್ಲವೂ ಪ್ರೀತಿಯಿಂದ ಇಟ್ಟುಕೊಂಡವು. ಸೂಟು ಕಥೆಯಲ್ಲೋ ಹಾಡಿನಲ್ಲೋ ಬಂದದ್ದನ್ನು ನಾನು ಕಂಡಿಲ್ಲ. ಅದು ಹೆಚ್ಚಾಗಿ ರೈತರ ಬಾಯಲ್ಲೇ ಉಳಿದಿದೆ. ಅದನ್ನೂ ಬರೆಯಬೇಕು.

ಮೊದಲು ಪದಗಳನ್ನೇ ನೋಡೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಕೊಸರು ನಮ್ಮದೇ ಪದ. ತೆಲುಗಿನಲ್ಲೂ ಕೊಸರು ಇದೆ, ತಮಿಳಿನಲ್ಲಿ ಕೊಸುರು. ಮೂರರಲ್ಲೂ ಅಳತೆ ಮುಗಿದ ಮೇಲೆ ಹಾಕುವ ಹೆಚ್ಚಿನ ಹಿಡಿ ಅಂತಲೇ ಅರ್ಥ. ಆದರೆ ಕನ್ನಡದಲ್ಲಿ ಅದೇ ರೂಪದ ಕ್ರಿಯಾಪದವೂ ಇದೆ ಅಲ್ವಾ? ಕೈ ಕೊಸರಿಕೊಂಡು ಓಡಿದ ಅಂತೀವಿ. ಮಗು ಸೊಂಟದ ಮೇಲಿಂದ ಕೊಸರುತ್ತದೆ. ಕೊಸರಾಡುವುದು ಅಂದರೆ ಜಗ್ಗಾಡುವುದು, ಎಳೆದಾಡುವುದು. ಸಂತೆಯಲ್ಲಿ ಕೊಳ್ಳುವವರು ಇನ್ನಷ್ಟು ಹಾಕು ಅಂತ ಜಗ್ಗುವುದು, ಮಾರುವವರು ಆಗಲ್ಲ ಅಂತ ಎಳೆಯುವುದು, ಕೊನೆಗೆ ನಕ್ಕು ಒಂದು ಹಿಡಿ ಹಾಕುವುದು, ಈ ಇಡೀ ಎಳೆದಾಟದ ಹೆಸರೇ ಆ ಹಿಡಿಗೆ ಅಂಟಿಕೊಂಡಿದೆ ಅಂತ ನನಗೆ ಅನ್ನಿಸುತ್ತದೆ.

ಸೂಟು ಮರಾಠಿಯಿಂದ ಬಂದದ್ದು. ಮರಾಠಿಯಲ್ಲಿ ಸೂಟ್ ಅಂದರೆ ರಿಯಾಯಿತಿ, ಬಿಡುಗಡೆ. ಹಿಂದಿಯ ಛೂಟ್ ಅದರ ಅಣ್ಣತಮ್ಮ. ನಮ್ಮ ಉತ್ತರ ಕರ್ನಾಟಕದ ಮಕ್ಕಳು ಸಾಲಿ ಸೂಟಿ ಬಿಟ್ಟೈತಿ ಅಂತಾರಲ್ಲ, ಆ ಸೂಟಿಯೂ ಅದೇ ಮನೆತನದ್ದು. ಸೂಟಿ ಅಂದರೆ ಮಗುವಿಗೆ ಬಿಡುಗಡೆ. ಸೂಟು ಅಂದರೂ ಬಿಡುಗಡೆಯೇ. ಆದರೆ ಯಾರಿಗೆ? ಖರೀದಿದಾರನಿಗೆ, ಅಷ್ಟು ತೂಕಕ್ಕೆ ದುಡ್ಡು ಕೊಡುವುದರಿಂದ ಬಿಡುಗಡೆ. ರಿಯಾಯಿತಿ ಅನ್ನುವ ಪದ ಇಟ್ಟುಕೊಂಡೇ ರೈತನ ಕಾಳು ಮುರಿದುಕೊಳ್ಳುತ್ತಾರೆ.

ಇಂಗ್ಲಿಷಿನಲ್ಲೂ ಇಂಥ ಜೋಡಿ ಪದ ಇತ್ತು, ಟೇರ್ ಮತ್ತು ಟ್ರೆಟ್. ಹಳೆ ಕಾಲದ ಅಂಕಗಣಿತದ ಪುಸ್ತಕಗಳಲ್ಲಿ ಅದಕ್ಕೇ ಒಂದು ಪಾಠ ಇರುತ್ತಿತ್ತು. ಟೇರ್ ಅಂದರೆ ಚೀಲದ, ಪೀಪಾಯಿಯ, ಪೆಟ್ಟಿಗೆಯ ತೂಕ. ಅರಬ್ಬಿಯಲ್ಲಿ ಬಿಸಾಡಿದ್ದು ಅನ್ನುವ ಅರ್ಥದ ಪದದಿಂದ ಅದು ಬಂತು. ಟ್ರೆಟ್ ಅಂದರೆ ಧೂಳು, ಕಸ, ಸೋರಿಕೆಗೆ ಅಂತ ಬಿಡುವ ತೂಕ. 104 ಪೌಂಡಿಗೆ 4 ಪೌಂಡ್. ಅಂದರೆ 104 ತೂಗಿದರೆ 100ಕ್ಕೆ ದುಡ್ಡು. ಟ್ರೆಟ್ ಪದದ ಮೂಲ ಹಳೆ ಫ್ರೆಂಚಿನಲ್ಲಿದೆ, ತಕ್ಕಡಿ ಒಂದು ಕಡೆ ಎಳೆಯುವುದು, ವಾಲುವುದು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಅಲ್ಲೂ ಎಳೆತ, ನಮ್ಮ ಕೊಸರಿನಲ್ಲೂ ಎಳೆತ. ಇದು ಕಾಕತಾಳೀಯವೇ ಇರಬಹುದು. ಆದರೂ ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು.

ಟ್ರೆಟ್ ಸತ್ತುಹೋಯಿತು. ಟೇರ್ ಬದುಕಿದೆ. ಲಾರಿಯನ್ನು ವೇಬ್ರಿಡ್ಜ್ ಮೇಲೆ ತುಂಬಿ ತೂಗಿ, ಖಾಲಿ ಮಾಡಿ ಮತ್ತೆ ತೂಗಿ ಕೊಡುವ ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಅಂತ ಮೂರು ಸಾಲು ಇರುತ್ತವೆ. ಸ್ವೀಟ್ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಟೇರ್ ಗುಂಡಿ ಇದೆ. ಖಾಲಿ ಡಬ್ಬಿ ಇಟ್ಟು ಅದನ್ನು ಒತ್ತಿದರೆ ಸೊನ್ನೆ ಬರುತ್ತದೆ, ಆಮೇಲೆ ಮೈಸೂರು ಪಾಕ್ ಹಾಕಬೇಕು. ಒತ್ತದಿದ್ದರೆ ರಟ್ಟಿಗೂ ಮೈಸೂರು ಪಾಕಿನ ರೇಟು. ಮುಂದಿನ ಸಲ ದಯವಿಟ್ಟು ನೋಡಿ, ಕೇಳಿ. ಡಬ್ಬಿ ಬಿಟ್ಟು ಪದಾರ್ಥದ ತೂಕಕ್ಕೆ ಮಾತ್ರ ದುಡ್ಡು ಅನ್ನುವುದು ಕಾನೂನು. ಕೇಳುವುದಕ್ಕೆ ನಾಚಿಕೆ ಬೇಡ.

ಈಗ ಒಂದು ನ್ಯಾಯದ ಮಾತು. ತೂಕ ಬಿಡುವುದೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಹಸಿ ಕಾಳು ಒಣಗಿದರೆ ತೂಕ ಇಳಿಯುತ್ತದೆ. ತೇವಾಂಶ ನೂರಕ್ಕೆ 18 ಇರುವ ಒಂದು ಕ್ವಿಂಟಲ್ ಜೋಳ ತಗೊಳ್ಳಿ. ಅದರಲ್ಲಿ ನೀರು 18 ಕೆಜಿ, ಒಣ ಕಾಳು 82 ಕೆಜಿ. ಅದನ್ನು 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 95 ಕೆಜಿ. ನಾಲ್ಕೂವರೆ ಕೆಜಿಗಿಂತ ಜಾಸ್ತಿ ಗಾಳಿಗೆ ಹೋಯಿತು. ಕೊಂಡವನು ಅದನ್ನು ಯಾಕೆ ಹೊರಬೇಕು, ಅಲ್ವಾ? ಅದಕ್ಕೇ ತೇವಾಂಶ ಅಳೆಯುವ ಮೀಟರ್ ಇದೆ, ಅದರ ಪ್ರಕಾರ ರೇಟು ಕಟ್ಟುತ್ತಾರೆ. ನನ್ನ ತಕರಾರು ಇಷ್ಟೇ. ಮೀಟರ್ ನೋಡಿ ರೇಟು ಇಳಿಸಿದ ಮೇಲೆ ಮತ್ತೆ ಸೂಟು ಯಾಕೆ? ಒಣ ಕಾಳಿಗೂ ಅಷ್ಟೇ, ಹಸಿ ಕಾಳಿಗೂ ಅಷ್ಟೇ, ಕಸ ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ ಅಂದರೆ ಅದು ನಷ್ಟದ ಲೆಕ್ಕ ಅಲ್ಲ, ಸುಮ್ನೆ ಹಿಡಿಯುವುದು.

ಇದು ಹೊಸ ದೂರೂ ಅಲ್ಲ. 1928ರಲ್ಲಿ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ವರದಿ ಕೊಟ್ಟಿತು. ಮಾರುಕಟ್ಟೆಗಳಲ್ಲಿ ರೈತರಿಂದ ಮನಸ್ಸಿಗೆ ಬಂದ ಹಾಗೆ ಮುರಿದುಕೊಳ್ಳುವ ಕಡಿತಗಳ ಬಗ್ಗೆ ಅದರಲ್ಲಿ ಬರೆದಿದ್ದಾರೆ. ಧರ್ಮಕ್ಕೆ, ಗೋಶಾಲೆಗೆ ಅಂತಲೂ ರೈತನ ಲೆಕ್ಕದಿಂದ ಮುರಿಯುವುದಿತ್ತು. ನಿಯಂತ್ರಿತ ಮಾರುಕಟ್ಟೆ ಬೇಕು ಅಂತ ಹೇಳಿದ್ದು ಅದಕ್ಕೇ. ನಮ್ಮಲ್ಲಿ 1966ರ ಕಾಯ್ದೆ ಬಂತು, ಎಪಿಎಂಸಿಗಳು ಬಂದವು, ತೂಕ, ರೇಟು, ಕಡಿತ ಬರೆದು ಕೊಡುವ ಅಧಿಕೃತ ಲೆಕ್ಕದ ಚೀಟಿ ತಕಪಟ್ಟಿ ಬಂತು. ಆದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವುದು ಇನ್ನೂ ನಿಂತಿಲ್ಲ. ಬಿಳಿ ಚೀಟಿಗೆ ಸಾಕ್ಷಿ ಇಲ್ಲ. ಅಲ್ಲಿ ಸೂಟು ಅನ್ನುವ ಪದವನ್ನೂ ಬರೆಯುವುದಿಲ್ಲ, ಬರೀ ನಿವ್ವಳ ತೂಕ ಬರೆಯುತ್ತಾರೆ. ಬಾಯಲ್ಲಿ ಆಡುವ ಪದ, ಕಾಗದದ ಮೇಲೆ ಇಲ್ಲ. ಪದ ಕಾಣದಿದ್ದರೆ ಯಾವುದರ ಬಗ್ಗೆ ಅಂತ ದೂರು ಕೊಡುತ್ತೀರಿ?

ಇನ್ನು ಸಾಹಿತ್ಯಕ್ಕೆ ಬರುತ್ತೇನೆ.

ತಕ್ಕಡಿಯ ಕಥೆ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಕೃಷ್ಣ ತುಲಾಭಾರ. ಸತ್ಯಭಾಮೆ ಕೃಷ್ಣನನ್ನು ನಾರದರಿಗೆ ದಾನ ಕೊಟ್ಟುಬಿಡುತ್ತಾಳೆ, ಬಿಡಿಸಿಕೊಳ್ಳಬೇಕಾದರೆ ಅವನ ತೂಕದ ಚಿನ್ನ ಕೊಡಬೇಕು. ಒಡವೆ, ನಾಣ್ಯ, ಮನೆಯಲ್ಲಿದ್ದದ್ದೆಲ್ಲ ಹಾಕಿದರೂ ತಟ್ಟೆ ಏಳುವುದಿಲ್ಲ. ರುಕ್ಮಿಣಿ ಬಂದು ಒಂದು ತುಳಸಿ ದಳ ಇಡುತ್ತಾಳೆ, ತಕ್ಕಡಿ ಸಮವಾಗುತ್ತದೆ. ಕೆಲವರು ಹೇಳುವ ಕಥೆಯಲ್ಲಿ ಚಿನ್ನವನ್ನೆಲ್ಲ ಕೆಳಗಿಳಿಸಿ ದಳ ಒಂದನ್ನೇ ಇಡುತ್ತಾರೆ. ಇನ್ನು ಕೆಲವರ ಕಥೆಯಲ್ಲಿ ಚಿನ್ನದ ಮೇಲೆಯೇ ಇಡುತ್ತಾರೆ. ನನಗೆ ಎರಡನೆಯದೇ ಇಷ್ಟ. ಯಾಕೆಂದರೆ ಅಲ್ಲಿ ತುಳಸಿ ಅನ್ನುವುದು ಕೊಸರು! ಅಷ್ಟು ಹಾಕಿದ ಮೇಲೆ ಇನ್ನೊಂದು ಎಲೆ. ಚಿನ್ನ ಲೆಕ್ಕ ಹಾಕಿ ಹಾಕಿದ್ದು, ಎಲೆ ಮನಸ್ಸಾರೆ ಹಾಕಿದ್ದು. ಹರಿಕಥೆಯಲ್ಲಿ ಈ ಜಾಗ ಬಂದಾಗ ನಮ್ಮ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಸಂತೆಯಲ್ಲಿ ತರಕಾರಿ ಮಾರಿದವರು. ಆ ಎಲೆಯ ತೂಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ತಿರುಗುಮುರುಗಾದ ಕಥೆ ಶಿಬಿ ಚಕ್ರವರ್ತಿಯದು. ಪಾರಿವಾಳದ ತೂಕಕ್ಕೆ ಸಮನಾಗಿ ತನ್ನ ಮಾಂಸ ಕೊಡುತ್ತೇನೆ ಅಂದ. ಎಷ್ಟು ಕೊಯ್ದು ಹಾಕಿದರೂ ಪಾರಿವಾಳದ ಕಡೆಯೇ ಭಾರ. ಕೊನೆಗೆ ತಾನೇ ತಟ್ಟೆಯಲ್ಲಿ ಹತ್ತಿ ಕೂತ. ಅದು ದೇವತೆಗಳ ಪರೀಕ್ಷೆ, ಅವನಿಗೆ ಮೈ ಮರಳಿ ಬಂತು. ಸರಿ. ಆದರೆ ಮಾರುಕಟ್ಟೆಯ ಕಾಟಾದ ಮುಂದೆ ನಿಂತ ರೈತನನ್ನು ನೋಡಿದಾಗಲೆಲ್ಲ ನನಗೆ ಶಿಬಿ ನೆನಪಾಗುತ್ತಾನೆ. ಎಷ್ಟು ಹಾಕಿದರೂ ಸಾಲದು.

ಹನ್ನೆರಡನೇ ಶತಮಾನಕ್ಕೆ ಬನ್ನಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ದಿನದಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಸಿಟ್ಟಾದಳು. "ಈಸಕ್ಕಿಯಾಸೆ ನಿಮಗೇಕೆ?" ಇಷ್ಟು ಅಕ್ಕಿಯ ಆಸೆ ನಿಮಗೆ ಯಾಕೆ ಅಂತ ಕೇಳಿದಳು. ಆಸೆ ಅನ್ನುವುದು ಅರಸರಿಗೆ ಸೇರಿದ್ದು, ಶಿವಭಕ್ತರಿಗೆ ಇರುತ್ತದೆಯೇ ಅಂದಳು. ಹೆಚ್ಚಿನದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು.

ಈ ವಚನವನ್ನು ನಾವು ಶಾಲೆಯಲ್ಲಿ ಕಾಯಕದ ಪಾಠವಾಗಿ ಓದುತ್ತೇವೆ. ತಪ್ಪಿಲ್ಲ. ಆದರೆ ಅದರೊಳಗೆ ಒಂದು ಅಳತೆ ಇದೆ, ಅದನ್ನು ಗಮನಿಸಿ. ಮಾರಯ್ಯ ಕದ್ದಿರಲಿಲ್ಲ. ಬಿದ್ದ ಅಕ್ಕಿ, ಯಾರೂ ಬೇಡ ಅನ್ನುವುದಿಲ್ಲ. ಇವತ್ತಿನ ಭಾಷೆಯಲ್ಲಿ ರೂಢಿ ಅನ್ನಬಹುದು. ಲಕ್ಕಮ್ಮ ಆ ರೂಢಿಯನ್ನೂ ಒಪ್ಪಲಿಲ್ಲ. ನಮಗೆ ಕೊಟ್ಟ ಹಿಡಿ ಯಾವುದು, ನಾವೇ ಹಿಡಿದುಕೊಂಡ ಹಿಡಿ ಯಾವುದು ಅನ್ನುವ ವ್ಯತ್ಯಾಸ ಆಕೆಗೆ ಮೊರದಲ್ಲಿ ನೋಡಿದ ತಕ್ಷಣ ತಿಳಿಯಿತು. ಕೂಲಿ ಮಾಡಿ ಬದುಕುವ ಹೆಣ್ಣುಮಗಳು ಎಂಟುನೂರು ವರ್ಷದ ಹಿಂದೆ ಹೇಳಿದ ಮಾತು ಇದು. ಯಾವ ಕಾಯ್ದೆಗಿಂತ ಇದು ಕಡಿಮೆ?

ಇನ್ನು ಪುರಂದರದಾಸರು. ದಾಸರಾಗುವ ಮುಂಚೆ ಅವರು ದೊಡ್ಡ ವ್ಯಾಪಾರಿ, ಶ್ರೀನಿವಾಸ ನಾಯಕ ಅಂತ ಹೆಸರು ಅನ್ನುವುದು ಪರಂಪರೆಯ ಮಾತು. ಮೂಗುತಿಯ ಕಥೆ ಎಲ್ಲರಿಗೂ ಗೊತ್ತಿದೆ, ಅದನ್ನು ಬಿಡುತ್ತೇನೆ. ನಾನು ಹೇಳಬೇಕಾದದ್ದು ಅವರ ಕಲ್ಲುಸಕ್ಕರೆ ಹಾಡು. ಎಷ್ಟು ಸಲ ಕೇಳಿದ್ದೇವೆ! ಆದರೆ ವ್ಯಾಪಾರಿಯ ಕಿವಿಯಿಂದ ಒಮ್ಮೆ ಕೇಳಿ. ಎತ್ತಿನ ಮೇಲೆ ಹೇರಿಕೊಂಡು ಮಾರುವುದಲ್ಲ ಅಂತಾರೆ. "ಒತ್ತೊತ್ತಿ ಗೋಣಿಯೊಳು ತುಂಬುವುದಲ್ಲ" ಅಂತಾರೆ. ಬಾಡಿಗೆ ಇಲ್ಲ, ಸುಂಕ ಇಲ್ಲ. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ನಷ್ಟ ಬೀಳುವುದಿಲ್ಲ.

ಇದೇನು ಪಟ್ಟಿ? ಸರಕು ಗೋದಾಮಿನಿಂದ ಸಂತೆಗೆ ಹೋಗುವಷ್ಟರಲ್ಲಿ ತೂಕದಿಂದಲೂ ದುಡ್ಡಿನಿಂದಲೂ ಏನೇನು ಕಳೆಯುತ್ತದೋ ಅದೆಲ್ಲದರ ಪಟ್ಟಿ. ಗೋಣಿ ಇಲ್ಲ ಅಂದರೆ ಚೀಲದ ತೂಕ ಕಳೆಯಬೇಕಾಗಿಲ್ಲ. ಕೆಡುವುದಿಲ್ಲ ಅಂದರೆ ಸವಕಳಿಗೆ ಬಿಡಬೇಕಾಗಿಲ್ಲ. ಕಲ್ಲುಸಕ್ಕರೆಯನ್ನೇ ಯಾಕೆ ಆರಿಸಿಕೊಂಡರು? ಸಿಹಿ ಅನ್ನುವುದಕ್ಕೆ, ಸರಿ. ಜೊತೆಗೆ, ನಿಜವಾದ ಕಲ್ಲುಸಕ್ಕರೆಗೆ ತೇವ ತಗಲುತ್ತದೆ, ಇರುವೆ ಮುತ್ತುತ್ತದೆ, ಗೋಣಿಯಲ್ಲಿ ಪುಡಿಯಾಗುತ್ತದೆ. ಸೂಟು ಜಾಸ್ತಿ ಬೀಳುವ ಸರಕು. ಅದನ್ನೇ ಹಿಡಿದು, ನನ್ನ ಹತ್ತಿರ ಇರುವ ಕಲ್ಲುಸಕ್ಕರೆಗೆ ಇದ್ಯಾವುದೂ ಇಲ್ಲ ಅಂತ ಹೇಳಬೇಕಾದರೆ, ಆ ನಷ್ಟದ ಲೆಕ್ಕವನ್ನು ವರ್ಷಗಟ್ಟಲೆ ಬರೆದ ಕೈಯೇ ಬೇಕು. ಹಾಡಿನ ಸೊಗಸು ಭಕ್ತಿಯಲ್ಲಿ ಎಷ್ಟಿದೆಯೋ ಆ ಲೆಕ್ಕದಲ್ಲೂ ಅಷ್ಟೇ ಇದೆ ಅಂತ ನನ್ನ ನಂಬಿಕೆ.

ಅಕ್ಕಸಾಲಿಗರಲ್ಲಿ ತೇಮಾನ ಅನ್ನುವ ಪದ ಇದೆ. ಚಿನ್ನ ತೇಯುವಾಗ, ಉಜ್ಜುವಾಗ ಹೋಗುವ ತೂಕ. ತೇಯು ಅನ್ನುವುದರಿಂದಲೇ ಬಂದದ್ದು, ಎಷ್ಟು ಸ್ವಚ್ಛವಾದ ಪದ ನೋಡಿ. ಈಗ ಆಭರಣದ ಅಂಗಡಿಯಲ್ಲಿ ವೇಸ್ಟೇಜ್ ಅಂತಾರೆ. ಪದ ಬದಲಾಯಿತು, ಕಳೆಯುವುದು ಬದಲಾಗಲಿಲ್ಲ. ತೇಮಾನ ಅಂದರೆ ಎಲ್ಲಿ ತೇಯಿತು, ಎಷ್ಟು ತೇಯಿತು ಅಂತ ಕೇಳಬಹುದಿತ್ತು. ವೇಸ್ಟೇಜ್ ಇಷ್ಟು ಪರ್ಸೆಂಟ್ ಅಂದರೆ ಸುಮ್ಮನೆ ತಲೆಯಾಡಿಸುತ್ತೇವೆ.

ಅಳತೆಯ ಹಳೆಯ ಪದಗಳು ಗಾದೆಗಳಲ್ಲೂ ನುಡಿಗಟ್ಟುಗಳಲ್ಲೂ ಇವೆ. ಸೇರಿಗೆ ಸವ್ವಾಸೇರು. ಗುಲಗಂಜಿಯಷ್ಟೂ ಕಡಿಮೆ ಇಲ್ಲ. ಸೇರು, ಪಾವು, ಚಟಾಕು, ಮಣ ಎಲ್ಲ 1958ರಿಂದ ಮೆಟ್ರಿಕ್ ಬಂದ ಮೇಲೆ ಅಂಗಡಿಯಿಂದ ಹೋದವು, ಬಾಯಿಂದ ಹೋಗಲಿಲ್ಲ. ಮಣ ಅಂದರೂ ಎಲ್ಲ ಕಡೆ ಒಂದೇ ಇರಲಿಲ್ಲ. ಹಳೆ ಮೈಸೂರಿನ ಮಣ ಸುಮಾರು 11 ಕೆಜಿ, ಬಂಗಾಳದ ಮಣ 37 ಕೆಜಿಗಿಂತ ಜಾಸ್ತಿ. ಹೀಗಿರುವಾಗ ಎರಡು ಊರಿನ ನಡುವೆ ಯಾರು ಯಾರಿಗೆ ಎಷ್ಟು ಬಿಟ್ಟರು ಅಂತ ಹುಡುಕುವುದು ಬಹಳ ಕಷ್ಟ. ಕಣದಲ್ಲಿ ಕಾಳು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದರು. ಲಾಭ, ಎರಡು, ಮೂರು. ಇದನ್ನು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? (ಏಳೆಂಟು ಕೈ ಎದ್ದವು. ಎಲ್ಲ ಅರವತ್ತು ದಾಟಿದವರು.)

ಕೊಸರು ಬರಹಕ್ಕೆ ಬಂದದ್ದು ಇನ್ನೊಂದು ದಾರಿಯಲ್ಲಿ. ಕನ್ನಡದಲ್ಲಿ ಲೇಖನ ಮುಗಿದ ಮೇಲೆ ಕೊನೆ ಕೊಸರು ಅಂತ ಒಂದೆರಡು ಸಾಲು ಬರೆಯುವವರಿದ್ದಾರೆ. ನನಗೆ ಅದು ಬಹಳ ಇಷ್ಟ. ಓದುಗ ದುಡ್ಡು ಕೊಟ್ಟದ್ದು ಲೇಖನಕ್ಕೆ, ಇದು ಮೇಲಿನ ಹಿಡಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ಅರ್ಥದ ಲಾನ್ಯಾಪ್ ಅನ್ನುವ ಪದ ಇದೆ. 1883ರಲ್ಲಿ ಮಾರ್ಕ್ ಟ್ವೈನ್ ತನ್ನ ಮಿಸಿಸಿಪ್ಪಿ ಪುಸ್ತಕದಲ್ಲಿ ಅದನ್ನು ಮೆಚ್ಚಿ ಬರೆದ. ಮೂಲದಲ್ಲಿ ಅದು ದಕ್ಷಿಣ ಅಮೆರಿಕದ ಕೆಚುವಾ ಜನರ ಪದ, ಸ್ಪ್ಯಾನಿಷ್ ಮೂಲಕ ಅಲ್ಲಿಗೆ ಬಂತು. ಅವರಿಗೂ ಕೊಟ್ಟ ಹಿಡಿಯೇ ಸಾಹಿತ್ಯವಾಯಿತು.

ಮುರಿದ ಹಿಡಿ ಯಾಕೆ ಆಗಲಿಲ್ಲ? ನನಗೆ ತೋಚುವುದು ಇಷ್ಟು. ಕೊಸರು ಇಬ್ಬರ ಎದುರೇ ನಡೆಯುತ್ತದೆ. ಮುಖ ನೋಡಿ ಕೊಡುತ್ತಾರೆ, ಮಾತಿರುತ್ತದೆ, ನಗು ಇರುತ್ತದೆ, ಆಮೇಲೆ ಹೇಳಿಕೊಳ್ಳುವುದಕ್ಕೆ ಖುಷಿ. ಸೂಟು ತಲೆ ಎತ್ತದೆ ಬರೆಯುವ ಲೆಕ್ಕ. ಮುರಿಸಿಕೊಂಡವನು ಮನೆಗೆ ಬಂದು ಹೇಳುವುದಿಲ್ಲ. ನಮ್ಮ ಅಪ್ಪ ಹೇಳಲಿಲ್ಲ. ಅಮ್ಮ ಎಷ್ಟು ತೂಕ ಬಂತು ಅಂತ ಕೇಳಿದ್ದಕ್ಕೆ ಪಟ್ಟಿಯಲ್ಲಿದ್ದ ತೂಕವನ್ನೇ ಹೇಳಿದ. ಕಾಟಾದಲ್ಲಿ ಬಂದ ತೂಕ ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ. ಇವತ್ತು ಇಲ್ಲಿ ನಿಂತು ಹೇಳುತ್ತಿರುವುದೇ ಮೊದಲು.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತರು. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾವು ಮಾರ್ಕೆಟಿಂದ ಟೊಮೆಟೊ ಬಾಕ್ಸ್ ತರ್ತೀವಿ ಸರ, ಅದರಾಗ ಕೆಟ್ಟದ್ದು ನಮ್ಮ ತಲಿ ಮ್ಯಾಲೆ. ಗಿರಾಕಿಗೆ ಕೊತ್ತಂಬರಿ, ಕರಿಬೇವು ಕೊಸರು ಹಾಕ್ತೀವಿ. ಈಗ ಫೋನ್‌ನ್ಯಾಗ ರೊಕ್ಕ ಹಾಕಿ ಹಂಗ ಹೋಗಿಬಿಡ್ತಾರ. ಕೊಸರು ಕೇಳಾಕೂ ನಿಲ್ಲೂದಿಲ್ಲ. ನಾನೇ ಕೂಗಿ ಕರದು ಕೊಡ್ತೀನಿ."

ಯಾಕಮ್ಮಾ ಕೂಗಿ ಕರೆದು ಕೊಡೋದು ಅಂತ ಯಾರೋ ಕೇಳಿದರು.

"ಕರಿಬೇವು ಇಲ್ದ ಸಾರು ಹೆಂಗ ಮಾಡ್ತಾರ್ರೀ?" ಅಂದರು.